ಅಗ್ರಿಮೆಂಟ್ ಆದ ಮೇಲೆ ಕೊಳ್ಳುವವರ ಹೆಸರು ಬದಲಿಸಬಹುದೇ?

ಪ್ರಶ್ನೆ: ನಮಸ್ತೆ ಮೇಡಂ. ಒಂದು ಮನೆ ಕೊಳ್ಳಲು ನನ್ನ ಒಬ್ಬಳ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಕೊಂಡಿದ್ದೇನೆ. ಬೆಲೆಯ ಹತ್ತನೇ ಒಂದು ಭಾಗ ಮುಂಗಡ ಕೊಟ್ಟಿದ್ದೇನೆ. ರಿಜಿಸ್ಟ್ರೇಷನ್‌ಗೆ ಮೂರು ತಿಂಗಳ ಗಡುವಿದೆ. ನನ್ನ ಸಂಬಳ ಒಂದಕ್ಕೇ ಅಷ್ಟು ಸಾಲ ಸಿಗುವುದಿಲ್ಲ, ತಂಗಿಯನ್ನೂ ಸೇರಿಸಿಕೊಂಡರೆ ಕೊಡುತ್ತೇವೆ, ಆದರೆ ಆಸ್ತಿಯಲ್ಲಿ ಅವಳ ಹೆಸರೂ ಇರಬೇಕು ಎಂದು ಬ್ಯಾಂಕಿನವರು ಈಗ ಹೇಳುತ್ತಿದ್ದಾರೆ. ಅಪ್ಪ ಮಾತ್ರ, ‘ನೀನು ಕೆಲಸದ ಮೇಲೆ ಎಲ್ಲಿಗೆ ಹೋಗುತ್ತೀಯೋ ಗೊತ್ತಿಲ್ಲ, ಪೂರ್ತಿ ಅವಳ ಹೆಸರಿಗೇ ಮಾಡಿಬಿಡು’ ಎನ್ನುತ್ತಾರೆ. ಬ್ರೋಕರ್ ಕೇಳಿದರೆ, ‘ಅದಕ್ಕೇನು, ನಿಮ್ಮ ಹೆಸರು ಹೊಡೆದು ತಂಗಿ ಹೆಸರು ಬರೆದು ಸಹಿ ಹಾಕಿದರಾಯಿತು’ ಎಂದರು. ಅಷ್ಟು ಸುಲಭವಾ? ನಾನು ಹೊರಗೆ ಬಂದರೆ ನನ್ನ ಮುಂಗಡದ ಗತಿ ಏನು?

ಉತ್ತರ: ಹೆಸರು ಬದಲಿಸಬಹುದು. ಆದರೆ ಬ್ರೋಕರ್ ಹೇಳಿದ ದಾರಿಯಲ್ಲಿ ಅಲ್ಲ. ಇದನ್ನು ಓದಿ ಮುಗಿಸುವವರೆಗೆ ಆ ಕಾಗದದ ಮೇಲೆ ಯಾರೂ ಪೆನ್ನು ಇಡದಂತೆ ನೋಡಿಕೊಳ್ಳಿ.

ಆಸ್ತಿ ಯಾವ ದೇಶದಲ್ಲಿದೆ ಎಂದು ನೀವು ಬರೆದಿಲ್ಲ. ಕನ್ನಡದವರು ಈಗ ಎಲ್ಲ ಕಡೆ ಮನೆ ಕೊಳ್ಳುತ್ತಿದ್ದಾರೆ. ಹಾಗಾಗಿ ಎಲ್ಲಿದ್ದರೂ ಸಲ್ಲುವ ತಿರುಳನ್ನು ಮೊದಲು ಹೇಳುತ್ತೇನೆ. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಿಯಮ ಎಲ್ಲಿ ಬೇರೆಯಾಗುತ್ತದೋ ಅಲ್ಲಲ್ಲೇ ಅದನ್ನೂ ಹೇಳುತ್ತಾ ಹೋಗುತ್ತೇನೆ.

ಹೆಸರು ಹೊಡೆದು ಬರೆಯುವುದು ಯಾಕೆ ಬೇಡ? ಅಗ್ರಿಮೆಂಟಿನಲ್ಲಿ ಬೆಲೆ, ಆಸ್ತಿಯ ವಿವರ, ಗಡುವು, ಎರಡು ಕಡೆಯವರ ಹೆಸರು, ಇವು ಜೀವಾಳ. ಇವುಗಳಲ್ಲಿ ಒಂದನ್ನು ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ತಿದ್ದಿದರೆ ಆ ಪತ್ರವೇ ಬಿದ್ದುಹೋಗಬಹುದು. ಈ ನಿಯಮ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ 1614ರ ಪಿಗಟ್ ಪ್ರಕರಣದಿಂದ ಇದು ಹೆಸರಾಯಿತು. ಭಾರತದ ಕೋರ್ಟುಗಳೂ ಇದನ್ನು ಒಪ್ಪಿವೆ. ‘ಮಾರುವವರ ಎದುರಿಗೇ ತಿದ್ದುತ್ತೇವಲ್ಲ’ ಎಂದು ನೀವು ಕೇಳಬಹುದು. ಇವತ್ತು ಎದುರಿಗೆ ಒಪ್ಪಿದವರು ನಾಳೆ ‘ನನಗೆ ಗೊತ್ತೇ ಇಲ್ಲ’ ಎಂದರೆ ಗೀಟು ಎಳೆದ ಕಾಗದ ನಿಮ್ಮ ಪರವಾಗಿ ಮಾತಾಡುವುದಿಲ್ಲ. ಅವರ ಹತ್ತಿರ ಇರುವ ಪ್ರತಿಯಲ್ಲಿ ಹಳೆಯ ಹೆಸರೇ ಇರುತ್ತದೆ. ಬ್ಯಾಂಕಿನ ವಕೀಲರು ಆ ಗೀಟು ನೋಡಿದ ಕೂಡಲೇ ಫೈಲ್ ಪಕ್ಕಕ್ಕಿಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರು ಎರಡು ಕೆಲಸ ಮಾಡುತ್ತಿದೆ. ಮನೆಯನ್ನು ಈ ಬೆಲೆಗೆ ಬರೆಸಿಕೊಳ್ಳುವ ಹಕ್ಕು ನಿಮಗೆ ಕೊಟ್ಟಿದೆ. ಉಳಿದ ಹಣವನ್ನು ಗಡುವಿನೊಳಗೆ ಕೊಡುವ ಹೊಣೆಯನ್ನೂ ನಿಮ್ಮ ಮೇಲೆ ಹೊರಿಸಿದೆ. ಹೆಸರು ಬದಲಿಸುವಾಗ ಈ ಎರಡೂ ಒಟ್ಟಿಗೆ ಜರುಗುತ್ತವೆ ಎಂದು ಹೆಚ್ಚಿನವರು ನಂಬಿದ್ದಾರೆ. ಹಾಗಲ್ಲ. ಹಕ್ಕನ್ನು ಬಿಟ್ಟುಕೊಡುವುದು ಸುಲಭ, ಹೊಣೆಯನ್ನು ಬಿಡಿಸಿಕೊಳ್ಳುವುದು ಕಷ್ಟ.

ಯಾಕೆಂದರೆ ಹಕ್ಕು ನಿಮ್ಮದು, ಅದನ್ನು ಯಾರಿಗೆ ಕೊಟ್ಟರೂ ಮಾರುವವರಿಗೆ ಅಷ್ಟೇನೂ ನಷ್ಟವಿಲ್ಲ. ಆದರೆ ಅವರು ಮಾತು ಕೊಟ್ಟದ್ದು ನಿಮ್ಮನ್ನು ನೋಡಿ. ನಿಮ್ಮ ಕೆಲಸ, ನಿಮ್ಮ ನಡೆ, ನಿಮಗೆ ಹಣ ಹೊಂದಿಸಲು ಆಗುತ್ತದೆ ಎಂಬ ನಂಬಿಕೆ, ಇದನ್ನೆಲ್ಲ ಲೆಕ್ಕ ಹಾಕಿಯೇ ಬೇರೆ ಗಿರಾಕಿಗಳನ್ನು ಬಿಟ್ಟಿದ್ದಾರೆ. ಹಣ ಕೊಡುವ ಹೊಣೆಯನ್ನು ಅವರನ್ನು ಕೇಳದೆ ಬೇರೆಯವರ ತಲೆಗೆ ಕಟ್ಟಲು ಯಾವ ಕಾನೂನೂ ಬಿಡುವುದಿಲ್ಲ. ಭಾರತದ ಸುಪ್ರೀಂ ಕೋರ್ಟ್ 1962ರಲ್ಲಿ ಖರ್ದಾ ಕಂಪನಿಯ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಅದು ಸೆಣಬಿನ ವ್ಯಾಪಾರದ ಜಗಳ. ಆದರೆ ಅಲ್ಲಿ ಹೇಳಿದ ತತ್ವ ಮನೆಯ ಕರಾರಿಗೂ ಸಲ್ಲುತ್ತದೆ: ಕರಾರಿನ ಹಕ್ಕನ್ನು ಸಾಮಾನ್ಯವಾಗಿ ವರ್ಗಾಯಿಸಬಹುದು, ಹೊಣೆಯನ್ನು ಎದುರಿನವರ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಗದು. ಅವರು ಒಪ್ಪಿದರೆ ಅದು ವರ್ಗಾವಣೆ ಅಲ್ಲ, ಹೊಸ ಕರಾರು.

ಅಗ್ರಿಮೆಂಟ್ ಆದ ಮಾತ್ರಕ್ಕೆ ಮನೆ ನಿಮ್ಮದಾಗಿಲ್ಲ ಎಂಬುದೂ ನೆನಪಿರಲಿ. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಮಾರಾಟದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ. ಅಂದರೆ ನೀವು ತಂಗಿಗೆ ಈಗ ಕೊಡಬಹುದಾದದ್ದು ಮನೆಯಲ್ಲ, ಮನೆ ಬರೆಸಿಕೊಳ್ಳುವ ಹಕ್ಕು ಮಾತ್ರ.

ಹಾಗಾಗಿ ಮೊದಲ ಕೆಲಸ, ನಿಮ್ಮ ಅಗ್ರಿಮೆಂಟನ್ನು ಕೂತು ಓದುವುದು. ಬಹಳಷ್ಟು ಜನ ಬೆಲೆ ಮತ್ತು ಗಡುವು ನೋಡಿ ಸಹಿ ಹಾಕಿರುತ್ತಾರೆ. ನೀವು ಹುಡುಕಬೇಕಾದದ್ದು ಎರಡು ಜಾಗದಲ್ಲಿದೆ. ಒಂದು, ಶುರುವಿನಲ್ಲೇ ‘ಖರೀದಿದಾರರು’ ಎಂದರೆ ಯಾರು ಎಂದು ವಿವರಿಸುವ ಸಾಲು. ‘ಈ ಪದದಲ್ಲಿ ಅವರ ವಾರಸುದಾರರು, ಪ್ರತಿನಿಧಿಗಳು, ಹಕ್ಕು ಪಡೆದವರು ಸೇರಿರುತ್ತಾರೆ’ ಎಂಬಂಥ ಮಾತಿದ್ದರೆ ಬಾಗಿಲು ಸ್ವಲ್ಪ ತೆರೆದಿದೆ ಎಂದರ್ಥ. ‘ಖರೀದಿದಾರರಿಗೆ ಅಥವಾ ಅವರು ಸೂಚಿಸಿದವರಿಗೆ ಕ್ರಯಪತ್ರ ಮಾಡಿಕೊಡತಕ್ಕದ್ದು’ ಎಂದಿದ್ದರೆ ಇನ್ನೂ ಒಳ್ಳೆಯದು. ಎರಡು, ಕೊನೆಯ ಪುಟಗಳ ಕಡೆ ಎಲ್ಲೋ ಇರುವ ನಿಷೇಧದ ಕಲಂ. ‘ಮಾರುವವರ ಲಿಖಿತ ಒಪ್ಪಿಗೆಯಿಲ್ಲದೆ ಈ ಕರಾರಿನ ಹಕ್ಕನ್ನು ಯಾರಿಗೂ ವರ್ಗಾಯಿಸುವಂತಿಲ್ಲ’ ಎಂದು ಅಲ್ಲಿ ಬರೆದಿರಬಹುದು.

ಆ ನಿಷೇಧವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಗ ಇಂಗ್ಲೆಂಡಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಲಿಂಡೆನ್ ಗಾರ್ಡನ್ಸ್ ಪ್ರಕರಣದಲ್ಲಿ, ಇಂಥ ಕಲಂ ಮೀರಿ ಮಾಡಿದ ವರ್ಗಾವಣೆ ಎದುರಿನವರ ಮೇಲೆ ನಡೆಯುವುದೇ ಇಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿ ಮನೆ ಮಾರಾಟಕ್ಕೆ ಸಾಮಾನ್ಯವಾಗಿ ಬಳಸುವ ಅಚ್ಚಿನ ಷರತ್ತುಗಳಲ್ಲೇ ಕೊಳ್ಳುವವರು ಕರಾರಿನ ಲಾಭವನ್ನು ವರ್ಗಾಯಿಸುವಂತಿಲ್ಲ ಎಂದಿದೆ. ಭಾರತದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 15ನೇ ಸೆಕ್ಷನ್ ನೋಡಬೇಕು. ಹಕ್ಕು ಪಡೆದವರು ಕೂಡ ಕರಾರನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗಬಹುದು ಎಂದು ಅದು ಹೇಳುತ್ತದೆ. ಆದರೆ ಕರಾರಿನಲ್ಲೇ ವರ್ಗಾವಣೆ ಬೇಡ ಎಂದಿದ್ದರೆ, ಇಲ್ಲವೇ ಆ ವ್ಯಕ್ತಿಯ ಹಣದ ಶಕ್ತಿಯಂಥ ವೈಯಕ್ತಿಕ ಗುಣ ನೋಡಿಯೇ ಕರಾರು ಆಗಿದ್ದರೆ, ಆ ದಾರಿ ಮುಚ್ಚುತ್ತದೆ. ಮೊದಲಿನವರು ತಮ್ಮ ಪಾಲಿನ ಕೆಲಸ ಆಗಲೇ ಮುಗಿಸಿದ್ದರೆ ಅಥವಾ ಹೊಸಬರು ಮಾಡಿದ್ದನ್ನು ಎದುರಿನವರು ಒಪ್ಪಿಕೊಂಡಿದ್ದರೆ ಮಾತ್ರ ಮತ್ತೆ ತೆರೆಯುತ್ತದೆ.

ಕರಾರು ಈ ಬಗ್ಗೆ ಏನೂ ಹೇಳದೆ ಸುಮ್ಮನಿದ್ದರೂ ನನ್ನ ಸಲಹೆ ಒಂದೇ. ಮಾರುವವರನ್ನು ಕೇಳಿ, ಅವರ ಸಹಿ ತೆಗೆದುಕೊಳ್ಳಿ. ಕಾನೂನು ನಿಮ್ಮ ಪರ ಇದೆ ಎಂದು ಅವರ ಬೆನ್ನ ಹಿಂದೆ ಮಾಡಿದರೆ ರಿಜಿಸ್ಟ್ರೇಷನ್ ದಿನ ‘ಇವರು ಯಾರು? ನಾನು ಮಾತಾಡಿದ್ದು ಇವರ ಜೊತೆ ಅಲ್ಲ’ ಎಂದು ಎದ್ದು ಹೋದಾರು. ಕೋರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ಬ್ಯಾಂಕಿನ ಸಾಲದ ಮಂಜೂರಾತಿ ಮುಗಿದುಹೋಗಿರುತ್ತದೆ.

ನಿಮ್ಮ ಮುಂದೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ತಂಗಿಯನ್ನು ಸೇರಿಸುವುದು ಒಂದು. ನಿಮ್ಮನ್ನು ತೆಗೆದು ಅವಳನ್ನು ಕೂರಿಸುವುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ತರ ಕಾಣುತ್ತವೆ, ಅಲ್ವಾ? ಕಾಗದದಲ್ಲಿ, ತೆರಿಗೆಯಲ್ಲಿ, ನಾಳಿನ ತಲೆನೋವಿನಲ್ಲಿ ಇವೆರಡಕ್ಕೂ ಬಹಳ ಅಂತರವಿದೆ.

ಸೇರಿಸುವುದು ಸುಲಭ. ಮಾರುವವರಿಗೆ ಹಣ ಕೊಡಬೇಕಾದ ಹೊಣೆಗಾರರು ಒಬ್ಬರಿದ್ದದ್ದು ಇಬ್ಬರಾಗುತ್ತಾರೆ. ಅವರಿಗೆ ಲಾಭವೇ ಹೊರತು ನಷ್ಟವಿಲ್ಲ. ಇದಕ್ಕೆ ಒಂದು ಪೂರಕ ಕರಾರು ಸಾಕು. ಮಾರುವವರು, ನೀವು, ತಂಗಿ, ಮೂವರೂ ಸಹಿ ಹಾಕಬೇಕು. ಹಳೆಯ ಕರಾರಿನ ತಾರೀಕು, ನೋಂದಣಿ ಆಗಿದ್ದರೆ ಅದರ ಸಂಖ್ಯೆ, ಆಸ್ತಿಯ ವಿವರ ಬರೆದು, ‘ಇಂದಿನಿಂದ ಖರೀದಿದಾರರು ಎಂದರೆ ಇವರಿಬ್ಬರೂ, ಉಳಿದ ಎಲ್ಲ ಷರತ್ತುಗಳು ಹಾಗೆಯೇ ಇರುತ್ತವೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಕೊಟ್ಟ ಮುಂಗಡ ಇಬ್ಬರ ಲೆಕ್ಕಕ್ಕೂ ಸೇರುತ್ತದೆ ಎಂದು ಮಾರುವವರು ಒಪ್ಪಿದ ಸಾಲು ಇರಲಿ. ಇಬ್ಬರ ಪಾಲು ಎಷ್ಟೆಷ್ಟು ಎಂಬುದನ್ನು ಇಲ್ಲಿ, ಇಲ್ಲವೇ ತಡವೆಂದರೆ ಕ್ರಯಪತ್ರದಲ್ಲಿ ಬರೆಸಿ. ಅಕ್ಕ ತಂಗಿಯರ ನಡುವೆ ಇದೆಲ್ಲ ಯಾಕೆ ಎನ್ನಿಸಬಹುದು. ಪಾಲು ಬರೆಯದಿದ್ದರೆ ಸಾಮಾನ್ಯವಾಗಿ ಸಮಪಾಲು ಎಂದೇ ಎಣಿಸುತ್ತಾರೆ. ಮುಂಗಡ ನಿಮ್ಮದು, ಕಂತು ಜಾಸ್ತಿ ಕಟ್ಟುವವರು ನೀವು ಎಂದಾದರೆ ಮುಂದೆ ನಿಮ್ಮಿಬ್ಬರ ಮಕ್ಕಳ ಕಾಲಕ್ಕೆ ಅದೇ ಜಗಳದ ಬೀಜ.

ನಿಮ್ಮನ್ನು ತೆಗೆದು ತಂಗಿಯನ್ನು ಕೂರಿಸುವುದು ಬೇರೆ ಮಾತು. ಇದಕ್ಕೆ ವಕೀಲರು ನೋವೇಶನ್ ಎನ್ನುತ್ತಾರೆ. ಹಳೆಯ ಕರಾರಿನ ಜಾಗದಲ್ಲಿ ಹೊಸ ಕರಾರು ಬರುತ್ತದೆ, ಹಳೆಯದನ್ನು ಯಾರೂ ನೆರವೇರಿಸಬೇಕಿಲ್ಲ. ಭಾರತದಲ್ಲಿ 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ ಇದಕ್ಕೆ ಆಧಾರ. ಮೂವರೂ ಸಹಿ ಹಾಕಿದರೂ ಇಲ್ಲಿ ಒಂದು ಸಾಲು ತಪ್ಪಿದರೆ ಎಲ್ಲ ಕೆಡುತ್ತದೆ. ‘ಮೊದಲಿನ ಖರೀದಿದಾರರನ್ನು ಈ ದಿನದಿಂದ ಕರಾರಿನ ಎಲ್ಲ ಹೊಣೆಗಳಿಂದ ಬಿಡುಗಡೆ ಮಾಡಲಾಗಿದೆ, ಅವರ ಮೇಲೆ ಮಾರುವವರಿಗೆ ಯಾವ ಹಕ್ಕುಬಾಧ್ಯತೆಯೂ ಉಳಿದಿಲ್ಲ’ ಎಂಬ ಸಾಲು ಅದು.

ಈ ಬಿಡುಗಡೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ಹೀಗೇ ತಮ್ಮ ಕರಾರನ್ನು ಸ್ನೇಹಿತರಿಗೆ ಬಿಟ್ಟುಕೊಟ್ಟಿದ್ದರು. ಮಾರುವವರು ‘ಆಯಿತು’ ಎಂದಿದ್ದರು, ಒಂದು ಒಪ್ಪಿಗೆ ಪತ್ರವನ್ನೂ ಕೊಟ್ಟಿದ್ದರು. ಅದರಲ್ಲಿ ಹೊಸಬರಿಗೆ ಕ್ರಯ ಮಾಡಿಕೊಡಲು ಒಪ್ಪಿಗೆ ಇತ್ತು. ಹಳಬರನ್ನು ಬಿಟ್ಟಿದ್ದೇವೆ ಎಂದು ಎಲ್ಲೂ ಇರಲಿಲ್ಲ. ಹೊಸಬರಿಗೆ ಹಣ ಹೊಂದಲಿಲ್ಲ. ಗಡುವು ದಾಟಿತು. ನಷ್ಟ ಕಟ್ಟಿಕೊಡಿ ಎಂಬ ನೋಟಿಸ್ ಬಂದದ್ದು ನನ್ನ ಕಕ್ಷಿದಾರರ ಮನೆಗೆ. ಅವರು ಆ ಮನೆಯ ವಿಷಯವನ್ನೇ ಮರೆತಿದ್ದರು. ಆ ನೋಟಿಸ್ ಹಿಡಿದು ಕೂತಿದ್ದಾಗ ಅವರ ಮುಖ ಹೇಗಿತ್ತು ಎಂಬುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಂದು ಸಾಲು ಇದ್ದಿದ್ದರೆ ಅಷ್ಟು ತಿಂಗಳ ಓಡಾಟ ತಪ್ಪುತ್ತಿತ್ತು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಕೊಳ್ಳುವವರ ಹೆಸರಿನ ಮುಂದೆ ‘ಮತ್ತು/ಅಥವಾ ನಾಮಿನಿ’, ಅಂದರೆ ಕೊಳ್ಳುವವರು ಸೂಚಿಸಿದವರು, ಎಂದು ಸೇರಿಸುವ ರೂಢಿ ಇದೆ. ಅಮೆರಿಕದಲ್ಲಿ ‘ಮತ್ತು/ಅಥವಾ ಹಕ್ಕು ಪಡೆದವರು’ ಎಂಬರ್ಥದ ಮಾತು ಹಾಕುತ್ತಾರೆ. ಅದಿದ್ದರೆ ಕೊನೆಗೆ ಬೇರೆಯವರ ಹೆಸರಿಗೆ ಬರೆಸಿಕೊಳ್ಳಲು ದಾರಿ ಸಲೀಸು. ಆದರೆ ಅಲ್ಲೂ ಇದೇ ಗಂಟು. ನ್ಯೂಜಿಲೆಂಡಿನ ಅಚ್ಚಿನ ಕರಾರಿನಲ್ಲಿ, ನಾಮಿನಿ ಬಂದರೂ ಮೊದಲು ಸಹಿ ಹಾಕಿದವರ ಹೊಣೆ ಕೊನೆಯವರೆಗೂ ಹಾಗೆಯೇ ಇರುತ್ತದೆ ಎಂದು ಬರೆದಿದೆ. ನಾಮಿನಿ ಹಣ ಕೊಡದಿದ್ದರೆ ನೀವೇ ಕೊಡಬೇಕು.

ಇದಲ್ಲದೆ ಇನ್ನೊಂದು ದಾರಿ, ಹಳೆಯ ಕರಾರನ್ನು ರದ್ದು ಮಾಡಿ ತಂಗಿಯ ಹೆಸರಿನಲ್ಲಿ ಹೊಸದನ್ನು ಬರೆಯುವುದು. ಇದು ಎಲ್ಲಕ್ಕಿಂತ ಶುಚಿಯಾಗಿ ಕಾಣುತ್ತದೆ, ಆದರೆ ನನಗೆ ಸ್ವಲ್ಪ ಭಯ. ರದ್ದತಿಗೂ ಹೊಸ ಕರಾರಿಗೂ ನಡುವೆ ಒಂದು ದಿನದ ಅಂತರವಿದ್ದರೂ ಆ ದಿನ ಮಾರುವವರು ಯಾರಿಗೂ ಕಟ್ಟುಬಿದ್ದಿರುವುದಿಲ್ಲ. ಬೆಲೆ ಏರಿದ್ದರೆ ಮನಸ್ಸೂ ಬದಲಾಗಬಹುದು. ಹೀಗೆ ಮಾಡಲೇಬೇಕಾದರೆ ಎರಡೂ ಕಾಗದ ಒಂದೇ ಮೇಜಿನ ಮೇಲೆ, ಒಂದೇ ಹೊತ್ತಿಗೆ ಸಹಿಯಾಗಲಿ.

ಯಾವ ದಾರಿ ಹಿಡಿದರೂ ಬಾಯಿಮಾತು ಸಾಲದು. ಇಂಗ್ಲೆಂಡಿನಲ್ಲಿ 1989ರ ಕಾಯ್ದೆಯ ಪ್ರಕಾರ ಜಮೀನು ಮನೆಗಳ ಕರಾರು ಬರವಣಿಗೆಯಲ್ಲೇ ಇರಬೇಕು, ಒಪ್ಪಿದ ಎಲ್ಲ ಷರತ್ತುಗಳೂ ಅದರಲ್ಲಿರಬೇಕು, ಎರಡೂ ಕಡೆಯವರ ಸಹಿ ಬೇಕು. ಮುಖ್ಯ ಷರತ್ತಿನ ತಿದ್ದುಪಡಿಗೂ ಇದೇ ನಿಯಮ. ಭಾರತದ ಸಾಕ್ಷ್ಯ ಕಾನೂನಿನಲ್ಲೂ, ನೋಂದಣಿಯಾದ ಪತ್ರವನ್ನು ಬಾಯಿಮಾತಿನಿಂದ ಬದಲಿಸಿದ್ದೇವೆ ಎಂದು ಹೇಳಿಕೊಳ್ಳಲು ಬಿಡುವುದಿಲ್ಲ. ನಿಮ್ಮ ಮೂಲ ಅಗ್ರಿಮೆಂಟ್ ನೋಂದಣಿ ಆಗಿದ್ದರೆ ಪೂರಕ ಕರಾರನ್ನೂ ನೋಂದಣಿ ಮಾಡಿಸಿ. ಸ್ಟಾಂಪ್ ಡ್ಯೂಟಿ ಎಷ್ಟು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ನೋಂದಣಿ ಕಚೇರಿಯಲ್ಲೇ ಕೇಳಿ.

ಮಾರುವವರ ಕಡೆ ಯಾರು ಸಹಿ ಹಾಕಬೇಕು ಎಂಬುದನ್ನು ಜನ ಮರೆಯುತ್ತಾರೆ. ಆಸ್ತಿಗೆ ಮೂವರು ಮಾಲೀಕರಿದ್ದರೆ ಮೂವರೂ ಹಾಕಬೇಕು. ಜಿಪಿಎ ಇರುವವರು ಸಹಿ ಮಾಡುತ್ತಿದ್ದರೆ, ಆ ಅಧಿಕಾರ ಪತ್ರದಲ್ಲಿ ಕರಾರನ್ನು ತಿದ್ದುವ, ಕೊಳ್ಳುವವರನ್ನು ಬದಲಿಸುವ ಅಧಿಕಾರವೂ ಇದೆಯೇ ಎಂದು ಓದಿ ನೋಡಿ. ಮಾರಾಟ ಮಾಡುವ ಅಧಿಕಾರ ಇದ್ದ ಮಾತ್ರಕ್ಕೆ ಇದೂ ಇದೆ ಎಂದುಕೊಳ್ಳಬೇಡಿ. ಬ್ರೋಕರ್ ‘ನಾನು ಅವರಿಗೆ ಹೇಳಿದ್ದೇನೆ’ ಎಂದರೆ ಅದು ಒಪ್ಪಿಗೆ ಅಲ್ಲವೇ ಅಲ್ಲ.

ಬಿಲ್ಡರ್‌ನಿಂದ ಕೊಳ್ಳುವ ಫ್ಲಾಟ್ ಆಗಿದ್ದರೆ ಕರಾರಿನಲ್ಲೇ ಹೆಸರು ಬದಲಾವಣೆಗೆ ಒಂದು ಕಲಂ, ಒಂದು ಶುಲ್ಕ ಇರುವುದು ಸಾಮಾನ್ಯ. ಬಿಲ್ಡರ್‌ಗಳನ್ನು ನಿಯಂತ್ರಿಸುವ ಭಾರತದ 2016ರ ರೇರಾ ಕಾಯ್ದೆಯಲ್ಲಿ, ಮೊದಲು ಹಂಚಿಕೆ ಪಡೆದವರಿಂದ ಮಾರಾಟ ಅಥವಾ ವರ್ಗಾವಣೆಯ ಮೂಲಕ ಅದನ್ನು ಪಡೆದವರೂ ‘ಹಂಚಿಕೆದಾರರು’ ಎಂಬ ಪದದಲ್ಲಿ ಸೇರುತ್ತಾರೆ. ಅಂದರೆ ತಂಗಿಗೂ ಬಿಲ್ಡರ್ ಮೇಲೆ ನಿಮ್ಮಷ್ಟೇ ಹಕ್ಕು ಸಿಗುತ್ತದೆ.

ಈಗ ಅಪ್ಪನ ಸಲಹೆಗೆ ಬರುತ್ತೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆಸ್ತಿ ಭಾರತದಲ್ಲಿದ್ದರೆ ಅದರಲ್ಲಿ ಒಂದು ಅಪಾಯವಿದೆ, ಅದನ್ನು ಮನೆಯವರಿಗೆಲ್ಲ ಓದಿ ಹೇಳಿ.

ನಿಮ್ಮ ಹಣದಿಂದ ಮುಂಗಡ ಹೋಗಿದೆ. ಕ್ರಯಪತ್ರ ಪೂರ್ತಿ ತಂಗಿಯ ಹೆಸರಿಗೆ ಆಗುತ್ತದೆ. ಮುಂದೆ ಕಂತುಗಳನ್ನೂ ನೀವೇ ಕಟ್ಟಿ, ಮನೆ ನಿಜವಾಗಿ ನಿಮ್ಮದೇ ಎಂದು ಒಳಗೊಳಗೆ ಮಾತಾಗಿದ್ದರೆ ಅದು ಬೇನಾಮಿ ವ್ಯವಹಾರದ ಹತ್ತಿರ ಬರುತ್ತದೆ. 1988ರ ಬೇನಾಮಿ ಕಾಯ್ದೆ 2016ರ ತಿದ್ದುಪಡಿಯ ನಂತರ ಬಹಳ ಬಿಗಿಯಾಗಿದೆ. ತಪ್ಪು ಸಾಬೀತಾದರೆ ಆಸ್ತಿ ಸರಕಾರದ ಪಾಲು, 1ರಿಂದ 7 ವರ್ಷ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ. ಗಂಡ, ಹೆಂಡತಿ ಅಥವಾ ಮಕ್ಕಳ ಹೆಸರಿನಲ್ಲಿ ನಿಮ್ಮ ಲೆಕ್ಕವಿರುವ ಹಣದಿಂದ ಕೊಂಡರೆ ಅದಕ್ಕೆ ವಿನಾಯಿತಿ ಇದೆ. ಅಣ್ಣ, ತಮ್ಮ, ಅಕ್ಕ, ತಂಗಿಯರ ವಿಷಯದಲ್ಲಿ ವಿನಾಯಿತಿ ಸಿಗುವುದು ಹಣ ಕೊಟ್ಟವರ ಹೆಸರೂ ಜೊತೆ ಮಾಲೀಕರಾಗಿ ಪತ್ರದಲ್ಲಿದ್ದರೆ ಮಾತ್ರ. ನಿಮ್ಮ ಹೆಸರನ್ನು ಪೂರ್ತಿ ತೆಗೆದರೆ ನಿಮಗಿರುವ ಆ ರಕ್ಷಣೆಯನ್ನೇ ತೆಗೆದಂತೆ.

ತಂಗಿ ನಿಜವಾಗಿಯೂ ತನಗಾಗಿಯೇ ಕೊಳ್ಳುತ್ತಿದ್ದಾಳೆ ಎಂದರೆ ತೊಂದರೆ ಇಲ್ಲ. ಆಗ ಅವಳು ನಿಮ್ಮ ಮುಂಗಡವನ್ನು ತನ್ನ ಖಾತೆಯಿಂದ ನಿಮ್ಮ ಖಾತೆಗೆ ವಾಪಸ್ ಕಳಿಸಲಿ. ಅಥವಾ ನೀವು ಅದನ್ನು ಅವಳಿಗೆ ಮನಸಾರೆ ಕೊಟ್ಟದ್ದಾದರೆ ಉಡುಗೊರೆ ಎಂದು ಅದೇ ದಿನ ಬರೆದಿಡಿ. ಒಡಹುಟ್ಟಿದವರು ಕೊಟ್ಟ ಉಡುಗೊರೆ ಹಣಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಉಡುಗೊರೆ ಎಂದರೆ ಉಡುಗೊರೆ, ಮುಂದೆ ವಾಪಸ್ ಕೇಳುವಂತಿಲ್ಲ. ವರ್ಷಗಳ ನಂತರ ತನಿಖೆಯ ಹೊತ್ತಿಗೆ ನೆನಪಿಸಿಕೊಂಡು ಬರೆದ ಕಾಗದಕ್ಕೆ ತೂಕ ಕಡಿಮೆ.

ಮುಂಗಡದ ಗತಿ ಏನು ಎಂದು ಕೇಳಿದ್ದೀರಿ. ಹೆಸರು ಬದಲಾದರೆ ಮಾರುವವರು ನಿಮಗೆ ಮುಂಗಡ ವಾಪಸ್ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಬೆಲೆಯ ಭಾಗವಾಗಿ ಅವರಲ್ಲೇ ಉಳಿಯುತ್ತದೆ. ಅದನ್ನು ನಿಮಗೆ ತುಂಬಿಕೊಡಬೇಕಾದವರು ಒಳಗೆ ಬರುವವರು. ಈ ಲೆಕ್ಕ ನಿಮ್ಮ ಮತ್ತು ತಂಗಿಯ ನಡುವಿನದು. ಆದರೆ ಮಾರುವವರ ಸಹಿ ಇರುವ ಕಾಗದದಲ್ಲಿ ಒಂದು ಮಾತು ಬರಲೇಬೇಕು: ಇಷ್ಟು ಹಣ, ಈ ತಾರೀಕು, ಈ ಚೆಕ್ ಅಥವಾ ವರ್ಗಾವಣೆ ಸಂಖ್ಯೆಯಿಂದ ಮೊದಲಿನವರಿಂದ ಬಂದಿದೆ, ಅದನ್ನು ಹೊಸ ಖರೀದಿದಾರರ ಬೆಲೆಗೆ ಜಮಾ ಮಾಡಿದ್ದೇವೆ. ಇದಿಲ್ಲದಿದ್ದರೆ, ಮಾರುವವರು ‘ಅವರು ಹಿಂದೆ ಸರಿದರು, ಮುಂಗಡ ಮುಟ್ಟುಗೋಲು’ ಎಂದು ಹೇಳಿ ತಂಗಿಯ ಹತ್ತಿರ ಪೂರ್ತಿ ಬೆಲೆ ಕೇಳಲು ಜಾಗ ಉಳಿಯುತ್ತದೆ. ಕರಾರಿನಲ್ಲಿ ಮುಟ್ಟುಗೋಲಿನ ಕಲಂ ಇದ್ದರಂತೂ ಈ ಸಾಲನ್ನು ಬಿಡಲೇಬೇಡಿ.

ತೆರಿಗೆಯ ಇನ್ನೊಂದು ಮಗ್ಗುಲು ಡ್ಯೂಟಿ ಎರಡು ಸಲ ಬೀಳುವುದು. ನೀವು ಕೊಂಡು ತಂಗಿಗೆ ಮಾರಿದಿರಿ ಎಂದು ಸರಕಾರ ನೋಡಿದರೆ ಎರಡು ವ್ಯವಹಾರವಾಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಕೊಳ್ಳುವವರನ್ನು ಬದಲಿಸುವಾಗ ಮೊದಲಿನವರಿಗೆ ಹೆಚ್ಚುವರಿ ಹಣ ಸಿಕ್ಕಿದ್ದರೆ ಅಥವಾ ನಡುವೆ ಜಾಗದಲ್ಲಿ ಅಭಿವೃದ್ಧಿ ಕೆಲಸ ಆಗಿದ್ದರೆ ಎರಡನೇ ಸಲ ಡ್ಯೂಟಿ ಬರಬಹುದು. ಇಂಗ್ಲೆಂಡಿನಲ್ಲೂ ಕರಾರಾದ ಮೇಲೆ, ಕ್ರಯ ಆಗುವ ಮುಂಚೆ ನಡೆಯುವ ಇಂಥ ಬದಲಾವಣೆಗಳಿಗೆ ಪ್ರತ್ಯೇಕ ತೆರಿಗೆ ನಿಯಮಗಳಿವೆ. ಕೊಟ್ಟ ಮುಂಗಡಕ್ಕಿಂತ ಒಂದು ಪೈಸೆ ಜಾಸ್ತಿ ತಂಗಿಯಿಂದ ನೀವು ತೆಗೆದುಕೊಂಡರೂ ಅದು ಲಾಭ ಎನ್ನಿಸಿಕೊಳ್ಳುತ್ತದೆ, ಅದಕ್ಕೆ ತೆರಿಗೆಯ ಪ್ರಶ್ನೆ ಏಳುತ್ತದೆ. ಮುಂಗಡದಷ್ಟೇ ತೆಗೆದುಕೊಳ್ಳಿ.

ಭಾರತದಲ್ಲಿ ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದು, ಮಾರುವವರು ಇಲ್ಲೇ ನೆಲೆಸಿದವರಾಗಿದ್ದರೆ ಕೊಳ್ಳುವವರು ಬೆಲೆಯಲ್ಲಿ ಶೇ 1ರಷ್ಟನ್ನು ಟಿಡಿಎಸ್ ತೆರಿಗೆ ಎಂದು ಹಿಡಿದು ಸರಕಾರಕ್ಕೆ ಕಟ್ಟಬೇಕು. ಕೊಳ್ಳುವವರು ಇಬ್ಬರಾದರೆ ಇಬ್ಬರೂ ತಮ್ಮ ತಮ್ಮ ಪಾಲಿಗೆ ಕಟ್ಟಬೇಕು. ತಲಾ ಪಾಲು 50 ಲಕ್ಷಕ್ಕಿಂತ ಕಡಿಮೆ ಇದೆ ಎಂದು ಬಿಡುವಂತಿಲ್ಲ, ಒಟ್ಟು ಬೆಲೆಯನ್ನೇ ನೋಡುತ್ತಾರೆ. ಮುಂಗಡದ ಮೇಲೆ ನಿಮ್ಮ ಪ್ಯಾನ್‌ನಲ್ಲಿ ಈಗಾಗಲೇ ಕಟ್ಟಿದ್ದರೆ ಅದು ನಿಮ್ಮ ಹೆಸರಲ್ಲೇ ಇರುತ್ತದೆ. ತಂಗಿಯನ್ನು ಸೇರಿಸಿದರೆ ಇದರಿಂದ ತೊಡಕಿಲ್ಲ. ನೀವು ಪೂರ್ತಿ ಹೊರಗೆ ಬಂದರೆ ಅದನ್ನು ಸರಿಹೊಂದಿಸಲು ಲೆಕ್ಕಪರಿಶೋಧಕರ ಹತ್ತಿರ ಹೋಗಬೇಕಾಗುತ್ತದೆ.

ಬ್ಯಾಂಕಿನವರ ಮಾತನ್ನು ಮತ್ತೊಮ್ಮೆ ಕೇಳಿ, ಆದರೆ ಬರವಣಿಗೆಯಲ್ಲಿ. ಜೊತೆ ಸಾಲಗಾರರಾಗಿ ಇದ್ದರೆ ಸಾಕೋ, ಜೊತೆ ಮಾಲೀಕರೂ ಆಗಬೇಕೋ? ಮಾಲೀಕರೆಲ್ಲ ಸಾಲದಲ್ಲಿರಬೇಕು ಎಂಬುದು ಸಾಮಾನ್ಯ ನಿಯಮ. ಸಾಲದಲ್ಲಿರುವವರೆಲ್ಲ ಮಾಲೀಕರಾಗಿರಬೇಕು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ತಂಗಿಯ ಹೆಸರು ಬೇಡ, ಅವಳ ಸಹಿ ಸಾಕು ಎಂದು ಇನ್ನೊಂದು ಬ್ಯಾಂಕ್ ಹೇಳಿದರೆ ಈ ಇಡೀ ಕೆಲಸವೇ ಉಳಿಯಿತು. ಹಾಗೆ ಆದರೆ ತಂಗಿಗೆ ಒಂದು ಮಾತು ಬಿಡಿಸಿ ಹೇಳಿ. ಜೊತೆ ಸಾಲಗಾರರು ಅರ್ಧ ಸಾಲಕ್ಕಲ್ಲ, ಪೂರ್ತಿ ಸಾಲಕ್ಕೆ ಹೊಣೆ. ಆಸ್ತಿಯಲ್ಲಿ ಪಾಲಿಲ್ಲದೆ ಅಷ್ಟು ಹೊಣೆ ಹೊರುವುದು ಅವಳಿಗೆ ನ್ಯಾಯವಾ ಎಂದು ಇಬ್ಬರೂ ಕೂತು ಯೋಚಿಸಬೇಕು. ನನ್ನನ್ನು ಕೇಳಿದರೆ, ಹೊಣೆ ಹೊರುವವರಿಗೆ ಪಾಲೂ ಇರಲಿ.

ಮಾರುವವರು ಒಪ್ಪದಿದ್ದರೆ? ಮೊದಲು ಯಾಕೆ ಒಪ್ಪುತ್ತಿಲ್ಲ ಎಂದು ಕೇಳಿ. ಹೆಚ್ಚಿನ ಸಲ ಅವರಿಗಿರುವ ಭಯ ಒಂದೇ, ಹೊಸಬರು ಹಣ ಕೊಡುತ್ತಾರೋ ಇಲ್ಲವೋ. ನೀವೂ ಕರಾರಿನಲ್ಲಿ ಉಳಿಯುತ್ತೀರಿ ಎಂದರೆ ಆ ಭಯ ಹೋಗುತ್ತದೆ. ಬ್ಯಾಂಕಿನ ಮಂಜೂರಾತಿ ಪತ್ರ ತೋರಿಸಿದರೂ ಕೆಲಸವಾಗುತ್ತದೆ. ಕಾಗದದ ಖರ್ಚು ನಮ್ಮದು, ಗಡುವು ಮುಂದೂಡಲು ಕೇಳುವುದಿಲ್ಲ ಎಂದು ಮೊದಲೇ ಹೇಳಿ. ಅಷ್ಟಾದರೂ ಬೇಡವೆಂದರೆ ಅದು ಅವರ ಹಕ್ಕು. ಆಗ ನಿಮ್ಮ ಹೆಸರಿನಲ್ಲೇ ಕೊಂಡು, ನಂತರ ತಂಗಿಗೆ ಪಾಲು ಬರೆದುಕೊಡಬಹುದು. ಅದಕ್ಕೆ ಇನ್ನೊಂದು ಸಲ ಡ್ಯೂಟಿ ಬೀಳುತ್ತದೆ, ಬ್ಯಾಂಕಿನ ಒಪ್ಪಿಗೆಯೂ ಬೇಕು.

‘ಕ್ರಯಪತ್ರ ಯಾಕೆ, ಜಿಪಿಎ ತಗೊಂಡುಬಿಡಿ’ ಎಂದು ಯಾರಾದರೂ ಹೇಳಿದರೆ ಆ ಕಡೆ ತಿರುಗಿ ನೋಡಬೇಡಿ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಗ್ರಿಮೆಂಟ್, ಜಿಪಿಎ, ಉಯಿಲು ಸೇರಿಸಿ ಮಾಡುವ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಹೇಳಿದೆ.

ಇದೇ ತೊಡಕಿನ ಬೇರೆ ರೂಪಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಹೆಸರಿನ ಅಕ್ಷರ ತಪ್ಪಾಗಿದೆ, ಇನಿಷಿಯಲ್ ಬಿಟ್ಟುಹೋಗಿದೆ ಎಂದರೆ ಅದು ಕೊಳ್ಳುವವರ ಬದಲಾವಣೆ ಅಲ್ಲ, ವ್ಯಕ್ತಿ ಅದೇ. ಎರಡೂ ಕಡೆಯವರು ಸಹಿ ಮಾಡಿದ ಸಣ್ಣ ತಿದ್ದುಪಡಿ ಪತ್ರ ಸಾಕು. ಕರಾರಾದ ಮೇಲೆ ಕೊಳ್ಳುವವರು ತೀರಿಕೊಂಡರೆ ಕರಾರು ಸಾಯುವುದಿಲ್ಲ. ಬೇರೆ ಉದ್ದೇಶ ಕಾಣದಿದ್ದರೆ ಹಕ್ಕೂ ಹೊಣೆಯೂ ವಾರಸುದಾರರಿಗೆ ಇಳಿಯುತ್ತವೆ. ಇನ್ನು ಕೆಲವರು ಮುಂದೆ ಶುರುವಾಗಲಿರುವ ಕಂಪನಿಯ ಹೆಸರಿನಲ್ಲಿ ಮೊದಲೇ ಕರಾರು ಮಾಡುತ್ತಾರೆ. ಹುಟ್ಟದ ಕಂಪನಿಗೆ ಸಹಿ ಹಾಕಲು ಬರುವುದಿಲ್ಲ, ಸಹಿ ಹಾಕಿದ ಮನುಷ್ಯನೇ ಹೊಣೆ ಎಂದು ಇಂಗ್ಲೆಂಡಿನಲ್ಲಿ 1866ರ ಕೆಲ್ನರ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಭಾರತದಲ್ಲಿ ಕಂಪನಿ ಹುಟ್ಟಿದ ಮೇಲೆ ಆ ಕರಾರನ್ನು ಒಪ್ಪಿ, ಒಪ್ಪಿದ್ದೇವೆ ಎಂದು ಮಾರುವವರಿಗೆ ತಿಳಿಸಿದರೆ ದಾರಿ ಇದೆ.

ನಿಮ್ಮ ವಿಷಯದಲ್ಲಿ ನಾನು ಹೇಳುವುದು ಇಷ್ಟು. ನೀವು ಹೊರಗೆ ಬರಬೇಡಿ, ತಂಗಿಯನ್ನು ಒಳಗೆ ಸೇರಿಸಿಕೊಳ್ಳಿ. ಅದರಿಂದ ಬ್ಯಾಂಕಿನ ಬೇಡಿಕೆ ತೀರುತ್ತದೆ, ಮಾರುವವರು ಸುಲಭವಾಗಿ ಒಪ್ಪುತ್ತಾರೆ, ಮುಂಗಡದ ಲೆಕ್ಕ ಕದಡುವುದಿಲ್ಲ, ಬೇನಾಮಿ ಪ್ರಶ್ನೆಯೂ ಏಳುವುದಿಲ್ಲ. ನೀವು ಮುಂದೆ ಎಲ್ಲಿಗೆ ಹೋದರೂ ಮನೆ ನೋಡಿಕೊಳ್ಳಲು ತಂಗಿಗೆ ಒಂದು ಅಧಿಕಾರ ಪತ್ರ ಕೊಟ್ಟರಾಯಿತು. ಅಪ್ಪನ ಚಿಂತೆಗೂ ಅದೇ ಉತ್ತರ.

ಈ ವಾರವೇ ಬ್ಯಾಂಕಿಗೆ ಮೇಲ್ ಹಾಕಿ, ಮುಂದಿನ ವಾರ ಮಾರುವವರನ್ನು ನೀವೇ ಹೋಗಿ ಭೇಟಿ ಮಾಡಿ. ಸಾಲದ ಕಾಗದಗಳೂ ಕ್ರಯಪತ್ರದ ಕರಡೂ ತಯಾರಾಗುವ ಮುಂಚೆ ಪೂರಕ ಕರಾರು ಮುಗಿದಿರಬೇಕು. ಆಮೇಲೆ ಮಾಡಿದರೆ ಎಲ್ಲ ಕಾಗದವನ್ನೂ ಮತ್ತೆ ಬರೆಸಬೇಕು, ಮೂರು ತಿಂಗಳು ನೋಡನೋಡುತ್ತ ಕಳೆಯುತ್ತದೆ. ಪೂರಕ ಕರಾರು ಸಹಿಯಾದ ದಿನ ಮಾರುವವರು ಅಥವಾ ಬ್ರೋಕರ್ ‘ಹಳೆಯದನ್ನು ಕೊಡಿ, ಹರಿದು ಹಾಕೋಣ’ ಎಂದರೆ ಕೊಡಬೇಡಿ. ಪೂರಕ ಕರಾರು ನಿಂತಿರುವುದೇ ಹಳೆಯದರ ಮೇಲೆ. ಎರಡನ್ನೂ ಒಟ್ಟಿಗೆ ಪಿನ್ ಮಾಡಿ, ಕ್ರಯಪತ್ರ ಕೈಗೆ ಬಂದ ಮೇಲೂ ಹಾಗೆಯೇ ಇಟ್ಟುಕೊಳ್ಳಿ.